ಗಾಳಿ ಹೊಗದ ಪೆಟ್ಟಿಗೆ

೧೯೯೦ನೇ ಇಸವಿಯಲ್ಲಿ, ಏಳನೇ ತರಗತಿ ಪಾಸಾದ ಮೇಲೆ, ನಾನು ಶಾಲೆ ಬಿಟ್ಟೆ. ಮನೆಯವರು ಬಿಡಿಸಿದರು ಎಂದು ಬರೆದರೆ ಸುಳ್ಳಾಗುತ್ತದೆ. ಹೈಸ್ಕೂಲು ಹೊಳೆಯ ಆಚೆ ದಡದಲ್ಲಿತ್ತು. ನನ್ನ ಸೋದರಮಾವ ದೋಣಿ ಕಟ್ಟುತ್ತಿದ್ದ ಜಾಗವೂ ಅದೇ ದಡದಲ್ಲಿ. ಕಡವಿನ ದೋಣಿ ಇಳಿದ ಮೇಲೆ ನನ್ನ ಜೊತೆಯ ಹುಡುಗರು ಮೇಲಿನ ರಸ್ತೆ ಹಿಡಿದು ಶಾಲೆಗೆ ಹೋದರು, ನಾನು ಹೊಳೆಬದಿಯಲ್ಲೇ ನಡೆದು ಮಾವನ ಚಪ್ಪರಕ್ಕೆ ಹೋದೆ. ಪೆನ್ಸಿಲಿಗಿಂತ ಬಡಗಿಯ ಕೊಡತಿ ಹಿಡಿಯುವುದು ನನಗೆ ಸುಲಭ ಕಂಡಿತ್ತು. ಆಮೇಲೆ ಅದರ ಬಗ್ಗೆ ಬೇಸರ ಪಟ್ಟವನೂ ಅಲ್ಲ. ಹೋದ ವರ್ಷದ ತನಕ.

ಮರದ ದೋಣಿಯಲ್ಲಿ ಹಲಗೆಗೂ ಹಲಗೆಗೂ ನಡುವೆ ಕೂದಲೆಳೆಯಷ್ಟು ಸಂದು ಉಳಿಯುತ್ತದೆ, ಎಷ್ಟೇ ಒಳ್ಳೆಯ ಬಡಗಿಯಾದರೂ. ಆ ಸಂದಿಗೆ ಹತ್ತಿಯ ಎಳೆ ಇಟ್ಟು, ಮೊಂಡು ಉಳಿ ಹಿಡಿದು, ಕೊಡತಿಯಿಂದ ಹದವಾಗಿ ಬಡಿದು ಕೂರಿಸಬೇಕು. ಹೆಚ್ಚು ಬಡಿದರೆ ಹಲಗೆ ಬಿಡುತ್ತದೆ, ಕಡಿಮೆ ಬಡಿದರೆ ನೀರು ಬರುತ್ತದೆ. ಅದರ ಮೇಲೆ ರಾಳ, ಆಮೇಲೆ ಹೊರಮೈಗೆಲ್ಲ ಗೇರುಸಿಪ್ಪೆಯಿಂದ ತೆಗೆದ ಗೇರೆಣ್ಣೆ. ನಾನು ಮಾವನಲ್ಲಿ ಮೊದಲು ಕಲಿತದ್ದು ಇದನ್ನೇ. ನಾನು ಬಿಗಿದ ಸಂದಿನಲ್ಲಿ ನೀರು ಹೊಕ್ಕಿತು ಎಂದು ಹಂಗಾರಕಟ್ಟೆಯಿಂದ ಗಂಗೊಳ್ಳಿಯವರೆಗೆ ಇವತ್ತಿಗೂ ಯಾರೂ ಹೇಳಿದ್ದಿಲ್ಲ. ಇದನ್ನು ನಾನು ಮದುವೆಮನೆಯಲ್ಲೂ ಹೇಳುತ್ತಿದ್ದೆ, ಬಸ್ಸಿನಲ್ಲೂ ಹೇಳುತ್ತಿದ್ದೆ. ಈಗ ಫೈಬರ್ ಮತ್ತು ಕಬ್ಬಿಣದ ದೋಣಿಗಳೇ ಹೆಚ್ಚು. ಮರದ ಹೊಸ ದೋಣಿ ಅಪರೂಪ, ರಿಪೇರಿಯೇ ಜಾಸ್ತಿ. ಆದರೂ ತೂತು ಅಂತ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಮನೆಯ ಅಕ್ಕಿ ಡಬ್ಬದ ಮುಚ್ಚಳದಲ್ಲಿ ಇರುವೆ ಹೋಗುವಷ್ಟು ತೂತು ಕಂಡರೂ ಅದನ್ನು ಮುಚ್ಚಿಯೇ ಊಟಕ್ಕೆ ಕೂರುವವನು ನಾನು.

ನನಗೆ ಒಬ್ಬಳೇ ಮಗಳು, ಆಗ ಎಂಟನೇ ತರಗತಿ. ಮಾತು ಕಡಿಮೆ. ಹೋದ ವರ್ಷ ನವೆಂಬರ್ ತಿಂಗಳಲ್ಲಿ ಅವಳ ಶಾಲೆಯಲ್ಲಿ ವಿಜ್ಞಾನ ಮಾದರಿಗಳ ಪ್ರದರ್ಶನ ಇಟ್ಟರು. ಚೆನ್ನಾಗಿ ಮಾಡಿದವರನ್ನು ಕುಂದಾಪುರದಲ್ಲಿ ನಡೆಯುವ ದೊಡ್ಡ ಪ್ರದರ್ಶನಕ್ಕೆ ಕಳುಹಿಸುತ್ತಾರೆ ಎಂದೂ ಹೇಳಿದ್ದರಂತೆ. ಅವಳಿಗೆ ಹೋಗಬೇಕೆಂಬ ಆಸೆ ಬಹಳ ಇತ್ತು. ಆಸೆಯನ್ನು ಬಾಯಲ್ಲಿ ಹೇಳುವ ಹುಡುಗಿಯಲ್ಲ. ಆ ವಾರ ಅವಳು ಟಿವಿ ಹಾಕದೆ, ಜಗಲಿಯ ಮೂಲೆಯಲ್ಲಿ ಹೊಸ ಫ್ಯಾನು ಬಂದ ರಟ್ಟಿನ ಪೆಟ್ಟಿಗೆ ಇಟ್ಟುಕೊಂಡು ಬ್ಲೇಡಿನಲ್ಲಿ ಕೊಯ್ಯುತ್ತ ಕೂತಿರುತ್ತಿದ್ದಳು. ಅದರಿಂದ ನನಗೆ ತಿಳಿಯಿತು.

ಅವಳು ಆರಿಸಿಕೊಂಡದ್ದು ವಾಯುಭಾರ ಕುಸಿತ ಮಳೆ ತರುವುದು ಹೇಗೆ ಎಂಬ ವಿಷಯ. ಅದಕ್ಕೆ ಕಾರಣವೂ ಇತ್ತು. ಆ ದಿನಗಳಲ್ಲೇ ಅರಬ್ಬೀ ಸಮುದ್ರದಲ್ಲಿ ಅಂಥದ್ದೊಂದು ಎದ್ದು, ಕಡಲಿಗೆ ಇಳಿಯಬೇಡಿ ಎಂದು ಹೇಳಿದ್ದರು. ದೋಣಿಗಳೆಲ್ಲ ಹೊಳೆಯ ಬಾಯಲ್ಲಿ ಒಂದಕ್ಕೊಂದು ಒತ್ತಿಕೊಂಡು ಕಟ್ಟಿ ನಿಂತಿದ್ದವು. ದೋಣಿ ದಡಕ್ಕೆ ಬಂದರೆ ನನಗೆ ಕೈತುಂಬ ಕೆಲಸ. ಹಾಗಾಗಿ ಕಡಲಿನ ಮೇಲೆ ಏನಾಗುತ್ತಿದೆ ಎಂದು ನಾನು ಎಂದೂ ಯೋಚಿಸಿದವನಲ್ಲ. ಮೇಲಿನಿಂದ ಗಾಳಿ ಭಾರವಾಗಿ ಕಡಲಿನ ಮೇಲೆ ಬೀಳುತ್ತದೆ, ಅದಕ್ಕೆ ಕಡಲು ಏಳುತ್ತದೆ, ಮಳೆ ಬರುತ್ತದೆ ಎಂದು ನನ್ನಷ್ಟಕ್ಕೆ ತಿಳಿದುಕೊಂಡಿದ್ದೆ. ಮಗಳು ಚಿಕ್ಕವಳಿದ್ದಾಗ ಕೇಳಿದ್ದಕ್ಕೆ ಹಾಗೆಯೇ ಹೇಳಿಯೂ ಇದ್ದೆ.

ಶನಿವಾರ ಸಂಜೆ ಕೆಲಸದಿಂದ ಬಂದವನು ಅವಳ ರಟ್ಟಿನ ಪೆಟ್ಟಿಗೆಯನ್ನು ಎತ್ತಿ ನೋಡಿದೆ. ಮುಂದೆ ಕಾಣುವ ಹಾಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದಳು. ಮೇಲೆ ನಡುವಿನಲ್ಲಿ ಒಂದು ಕೊಳವೆ, ಹೊಗೆ ಹೋಗಲು. ಒಳಗೆ ಕ್ಯಾಂಡಲ್ ಇಡುವ ಜಾಗ, ಅದರ ಪಕ್ಕ ಬಿಸಿನೀರಿನ ಬಟ್ಟಲಿಗೆ ಜಾಗ. ಕೆಳಗೆ ನಾಲ್ಕೂ ಮೈಗೆ ಸೀಳುಗಳು. ಆ ಸೀಳುಗಳೋ, ಒಂದೂ ನೇರವಿಲ್ಲ. ಎಲ್ಲವೂ ಒಂದೇ ಕಡೆಗೆ ಓರೆ. ಬ್ಲೇಡು ಜಾರಿರಬೇಕು ಎಂದುಕೊಂಡೆ. ನನ್ನ ಮಗಳ ಕೈ ಇಷ್ಟು ಒಡ್ಡು ಎಂದು ಸ್ವಲ್ಪ ನಾಚಿಕೆಯೂ ಆಯಿತು. ದೋಣಿ ಕಟ್ಟುವವನ ಮಗಳು ರಟ್ಟಿನ ಪೆಟ್ಟಿಗೆ ಹೊತ್ತು ಶಾಲೆಗೆ ಹೋಗುವುದು ನನಗೆ ಸರಿ ಕಾಣಲಿಲ್ಲ. ಇದನ್ನು ಬಿಡು, ನಾನು ಮಾಡಿ ಕೊಡುತ್ತೇನೆ ಎಂದೆ. ಅವಳು ಹೂಂ ಎನ್ನಲಿಲ್ಲ, ಬೇಡ ಎಂದೂ ಹೇಳಲಿಲ್ಲ.

ಭಾನುವಾರ ಬೇರೆ ಕೆಲಸ ಮುಟ್ಟಲಿಲ್ಲ. ಒಂದು ಹಳೆಯ ದೋಣಿಯಿಂದ ಉಳಿದ ಹೆಬ್ಬಲಸಿನ ಹಲಗೆ ನನ್ನಲ್ಲಿತ್ತು, ಕಲ್ಲಿನಂಥ ಮರ. ಅದನ್ನು ಕೀಸಿ, ಮೂಲೆಗಳಿಗೆ ಕಚ್ಚು ಕೂರಿಸಿ, ಮುಂದೆ ಬುಡದಲ್ಲಿ ನಾಲ್ಕು ಬೆರಳು ಹಲಗೆ ಬಿಟ್ಟು ಗಾಜು ಇಟ್ಟು, ಹಿಂದೆ ಬಾಗಿಲಿಗೆ ಹಿತ್ತಾಳೆಯ ತಿರುಗಣಿ ಹಾಕಿದೆ. ಮೇಲಿನ ಕೊಳವೆಗೆ ತಾಮ್ರದ ಪೈಪು. ಸಂದುಗಳಿಗೆಲ್ಲ ಹತ್ತಿ ಹೊಡೆದು ರಾಳ ತುಂಬಿದೆ, ಅಭ್ಯಾಸಬಲ. ಕೆಳಗಿನ ಸೀಳುಗಳನ್ನು ಮಾಡಲಿಲ್ಲ. ಅಷ್ಟು ಚೆಂದದ ಹಲಗೆಯ ಬುಡದಲ್ಲಿ ತೂತು ಹೊಡೆಯಲು ನನ್ನಿಂದ ಆಗುತ್ತಿರಲಿಲ್ಲ. ಕೊನೆಗೆ ಪಾಲಿಶ್ ಕೊಟ್ಟೆ. ಕೆಲಸ ಮುಗಿದಾಗ ದಾರಿಯಲ್ಲಿ ಹೋಗುವವರನ್ನೂ ಕರೆದು ತೋರಿಸಿದೆ. ನೋಡಿದವರೆಲ್ಲ ಹೊಗಳಿದರು.

ಮಗಳು ಪೆಟ್ಟಿಗೆಯ ಸುತ್ತ ಒಮ್ಮೆ ನಡೆದಳು. ಬಗ್ಗಿ ಬುಡ ನೋಡಿದಳು.

"ಅಪ್ಪಯ್ಯ, ಇದಕ್ಕೆ ತೂತ್ ಇಲ್ಲೆ ಅಲ್ದಾ. ಗಾಳಿ ಒಳಗ್ ಬಪ್ಪುಕೆ ದಾರಿ ಬೇಕ್."

"ತೂತ್ ಎಲ್ಲ ರಟ್ಟಿಗೆ ಸಮ. ಮರದ ಕೆಲ್ಸದಲ್ಲ್ ತೂತ್ ಇಟ್ರೆ ಜನ ನೆಗಾಡ್ತ್ರ್ ಹೆಣೆ. ಗಾಳಿ ಮೇಲಿಂದ್ಲೇ ಇಳಿತ್ತ್."

ಒಮ್ಮೆ ಕ್ಯಾಂಡಲ್ ಹಚ್ಚಿ ನೋಡಲೇ ಎಂದು ಕೇಳಿದಳು. ಪಾಲಿಶ್ ಇನ್ನೂ ಹಸಿ, ಹೊಗೆ ಹಿಡಿದರೆ ಹಾಳಾಗುತ್ತದೆ ಎಂದು ನಾನು ಬಿಡಲಿಲ್ಲ. ಅವಳು ನನ್ನ ಮುಖ ನೋಡಿದಳು, ಪೆಟ್ಟಿಗೆ ನೋಡಿದಳು. ಆಮೇಲೆ ಚೆಂದ ಆಗಿದೆ ಎಂದಳು. ಅಷ್ಟು ಕೇಳಿದ್ದೇ ನನಗೆ ಸಾಕಾಯಿತು.

ಪ್ರದರ್ಶನದ ದಿನ ನಾನೇ ಸ್ಕೂಟರಿನಲ್ಲಿ ಪೆಟ್ಟಿಗೆ ಸಾಗಿಸಿದೆ. ರಿಪೇರಿಗೆ ಕಾಯುತ್ತಿದ್ದವರಿಗೆ ಮಧ್ಯಾಹ್ನ ಬರುತ್ತೇನೆಂದು ಹೇಳಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿದ್ದೆ. ಶಾಲೆಯ ಸಭಾಂಗಣದಲ್ಲಿ ಬೆಂಚುಗಳ ಮೇಲೆ ಥರ್ಮಾಕೋಲಿನದ್ದು, ರಟ್ಟಿನದ್ದು, ಬಾಟಲಿಯದ್ದು ಸಾಲು ಸಾಲು ಮಾದರಿಗಳು. ನಡುವೆ ನಮ್ಮ ಪೆಟ್ಟಿಗೆ ದೇವರ ಮಂಟಪದ ಹಾಗೆ ಹೊಳೆಯುತ್ತಿತ್ತು. ಮಕ್ಕಳನ್ನು ನೋಡಲು ಬಂದ ತಂದೆತಾಯಿಯರು ಅಲ್ಲಿಯೇ ನಿಂತು ಯಾರು ಮಾಡಿದ್ದು ಎಂದು ಕೇಳಿದರು. ಕೇಳಿದವರಿಗೆ ಹೇಳಿದೆ, ಕೇಳದವರಿಗೂ ಹೇಳಿದೆ. ಮಗಳು ಬೆಂಚಿನ ಹಿಂದೆ ಬೆಂಕಿಪೆಟ್ಟಿಗೆ ಹಿಡಿದುಕೊಂಡು ನಿಂತಿದ್ದಳು.

ಬೇರೆ ಶಾಲೆಯಿಂದ ಬಂದ ಇಬ್ಬರು ಮಾಸ್ತರರು ಮಾದರಿಗಳನ್ನು ನೋಡಿ ಅಂಕ ಹಾಕುವವರು. ಅವರು ನಮ್ಮ ಬೆಂಚಿನ ಮುಂದೆ ಬಂದಾಗ ಮಗಳು ಕ್ಯಾಂಡಲ್ ಹಚ್ಚಿ ಬಾಗಿಲು ಮುಚ್ಚಿದಳು. ಕ್ಯಾಂಡಲ್ ಬಿಸಿಯಾದ ಕಡಲು ಇದ್ದ ಹಾಗೆ ಎಂದು ಹೇಳಲು ಶುರು ಮಾಡಿದಳು. ಮಾತು ಮುಗಿಯುವ ಮೊದಲೇ ಜ್ವಾಲೆ ಸಣ್ಣದಾಯಿತು, ನೀಲಿಯಾಯಿತು, ಆರಿತು. ಗಾಜಿನ ಒಳಗೆಲ್ಲ ಮಬ್ಬು. ಮತ್ತೊಮ್ಮೆ ಹಚ್ಚಿದಳು. ಮತ್ತೆ ಆರಿತು.

ಕ್ಯಾಂಡಲ್ ಒಳ್ಳೆಯದಲ್ಲ, ಬತ್ತಿ ಹಸಿ ಇರಬೇಕು ಎಂದು ನಾನು ನಡುವೆ ಬಾಯಿ ಹಾಕಿದೆ. ಇಬ್ಬರಲ್ಲಿ ವಯಸ್ಸಾದ ಮಾಸ್ತರರು ಬಗ್ಗಿ ಪೆಟ್ಟಿಗೆಯ ಬುಡ ನೋಡಿದರು, ಮಗಳು ನೋಡಿದ ಹಾಗೆಯೇ. ಮೇಲೆ ಹೋದ ಗಾಳಿಯ ಜಾಗಕ್ಕೆ ಬೇರೆ ಗಾಳಿ ಬರಲು ದಾರಿ ಎಲ್ಲಿದೆ ಎಂದು ಅವಳನ್ನು ಕೇಳಿದರು.

"ಇಡಬೇಕಿತ್ತು ಸರ್," ಎಂದಳು ಮಗಳು. "ಅಪ್ಪನಿಗೆ ಹೇಳಲಿಕ್ಕೆ ನಾನು ಮರೆತೆ."

ನಾನು ಅಲ್ಲೇ, ಒಂದು ಮಾರು ದೂರದಲ್ಲಿ ನಿಂತಿದ್ದೆ. ಅವಳು ನನ್ನ ಕಡೆ ನೋಡಲಿಲ್ಲ. ಮಾಸ್ತರರು ಇರಲಿ ಎಂದು ತಲೆಯಾಡಿಸಿ, ಏನೋ ಬರೆದುಕೊಂಡು, ಹೋಗುವ ಮೊದಲು ಹಲಗೆಯ ಮೇಲೆ ಕೈಯಾಡಿಸಿ ಮರದ ಕೆಲಸ ಮಾತ್ರ ಬಹಳ ಚೆನ್ನಾಗಿದೆ ಎಂದರು. ಅಷ್ಟು ವರ್ಷ ಹೊಗಳಿಕೆ ಕೇಳಿ ಬೆಳೆದ ಕಿವಿ ನನ್ನದು. ಆ ಮಾತು ಮಾತ್ರ ಕಿವಿಯೊಳಗೆ ಹೋಗದೆ ಹೊರಗೇ ಸುಟ್ಟಿತು.

ಪಕ್ಕದ ಬೆಂಚಿನ ಹುಡುಗನ ಅಜ್ಜಿ, ಮೀನು ಮಾರುವವರು, ಬುಟ್ಟಿ ಹೊರಗಿಟ್ಟು ಮೊಮ್ಮಗನ ಮಾದರಿ ನೋಡಲು ಬಂದಿದ್ದರು. ನನ್ನನ್ನು ಚಿಕ್ಕಂದಿನಿಂದ ಬಲ್ಲವರು. ಗಾಜಿಗೆ ಕಣ್ಣು ತಾಗಿಸಿ ನೋಡಿ ಹೇಳಿದರು:

"ಎಂತ ತಮ್ಮ, ಇದ್ ಮಳಿ ಬಪ್ಪು ಪೆಟ್ಟಿಗಿಯಾ, ದೋಣಿಯಾ? ಹೊಳಿಗ್ ಬಿಟ್ರೆ ತೇಲ್ಕಂಡ್ ಹೋತ್ತ್ ಕಾಣ್."

ಸುತ್ತ ಇದ್ದವರು ನಕ್ಕರು. ಕೆಟ್ಟ ಮನಸ್ಸಿನ ನಗೆಯಲ್ಲ. ನಾನೂ ನಕ್ಕ ಹಾಗೆ ಮಾಡಿ, ಫೋನು ಬಂತು ಎಂದು ಜೇಬು ಮುಟ್ಟಿಕೊಂಡು ಹೊರಗೆ ನಡೆದೆ. ಫೋನು ಬಂದಿರಲಿಲ್ಲ.

ಸ್ಕೂಟರನ್ನು ಶಾಲೆಯ ಗೋಳಿಮರದ ಬುಡದಲ್ಲಿ ನಿಲ್ಲಿಸಿದ್ದೆ. ಅದರ ಮೇಲೆ ಕೂತೆ. ಕಡಲಿನ ಕಡೆ ಮೋಡ ಒಂದರ ಮೇಲೊಂದು ಏರಿ ನಿಂತಿತ್ತು. ಮರೆತೆ ಎಂದಳಲ್ಲ, ಅವಳು ಮರೆತಿರಲಿಲ್ಲ. ಹೇಳಿದ್ದಳು. ರಟ್ಟಿನ ಪೆಟ್ಟಿಗೆಯಲ್ಲಿ ಅವಳು ಎಷ್ಟು ಸಲ ಕ್ಯಾಂಡಲ್ ಹಚ್ಚಿ ನೋಡಿದ್ದಳೋ. ತೂತಿಲ್ಲದಿದ್ದರೆ ಆರುತ್ತದೆ ಎಂದು ಅವಳಿಗೆ ಭಾನುವಾರವೇ ಗೊತ್ತಿತ್ತು. ಗೊತ್ತಿದ್ದೂ ತಂದಳು. ಚೆಂದ ಆಗಿದೆ ಎಂದಳು. ಇಷ್ಟು ಜನರೆದುರು ಸೋಲುತ್ತದೆಂದು ಗೊತ್ತಿದ್ದ ಪೆಟ್ಟಿಗೆಯ ಹಿಂದೆ, ಬೆಂಕಿಪೆಟ್ಟಿಗೆ ಹಿಡಿದು, ನನ್ನ ಹೆಚ್ಚುಗಾರಿಕೆಯ ಮಾತು ಕೇಳುತ್ತ ನಿಂತಿದ್ದಳು. ಹದಿಮೂರು ವರ್ಷದ ಹುಡುಗಿ ತನ್ನ ಅಪ್ಪನಿಗೆ ಹೀಗೆ ಹೆದರಿದ್ದಾಳೆ ಎಂದರೆ, ಅಥವಾ ಹೆದರಿಕೆಯಲ್ಲ, ಇವನಿಗೆ ಹೇಳಿ ಪ್ರಯೋಜನವಿಲ್ಲ, ನೋವಾಗದಂತೆ ನೋಡಿಕೊಂಡರೆ ಸಾಕು ಎಂದುಕೊಂಡಿದ್ದಾಳೆ ಎಂದರೆ, ಅದು ಎಂಥ ಅಪ್ಪನ ಮನೆ? ಇನ್ನು ಮುಂದೆ ಅವಳು ನನಗೆ ಯಾವುದನ್ನೂ ತಪ್ಪು ಎಂದು ಹೇಳುವುದಿಲ್ಲ ಎನ್ನಿಸಿತು.

ಮತ್ತೊಂದು ನೆನಪಾಯಿತು, ಅದು ಇನ್ನೂ ನಾಚಿಕೆಯದ್ದು. ದಪ್ಪ ಹಲಗೆಯನ್ನು ದೋಣಿಯ ಮೂತಿಗೆ ಬಗ್ಗಿಸಬೇಕಾದರೆ ನಾವು ಅದರ ಕೆಳಗೆ ಬೆಂಕಿ ಹಾಕುತ್ತೇವೆ. ನೀರು ಹೊಡೆಯುತ್ತ, ಕಾಯಿಸುತ್ತ, ಮೆಲ್ಲನೆ ಬಗ್ಗಿಸುತ್ತೇವೆ. ಮುಖಕ್ಕೆ ಬಿಸಿ ಹೊಡೆಯುತ್ತದೆ, ಹೊಗೆ ನೇರ ಮೇಲಕ್ಕೆ ಹೋಗುತ್ತದೆ. ಆದರೆ ಕಾಲಿನ ಹರಡಿನ ಹತ್ತಿರ ತಣ್ಣನೆಯ ಗಾಳಿ ಸುಳಿಯುತ್ತದೆ. ಯಾವ ಕಡೆಯಲ್ಲಿ ನಿಂತರೂ ಬೆನ್ನಿನಿಂದ ಬಂದು ಬೆಂಕಿಯ ಕಡೆಗೇ ಹೋಗುತ್ತದೆ, ಮರದ ಹೊಟ್ಟನ್ನೂ ಎಳೆದುಕೊಂಡು. ಕೆಲಸಕ್ಕೆ ಸೇರಿದಾಗಿನಿಂದ ಅದನ್ನು ಕಾಲಿನಲ್ಲಿ ಅನುಭವಿಸಿದ್ದೇನೆ. ಎಲ್ಲಿಂದ ಬರುತ್ತದೆ, ಯಾಕೆ ಬರುತ್ತದೆ ಎಂದು ಒಮ್ಮೆಯೂ ಕೇಳಿಕೊಳ್ಳಲಿಲ್ಲ. ಓದು ಬಿಟ್ಟದ್ದಕ್ಕೆ ನಾನು ನಾಚಿದವನಲ್ಲ. ಕೇಳುವುದನ್ನೂ ಅದರ ಜೊತೆಗೇ ಬಿಟ್ಟಿದ್ದೆ ಎಂದು ಆ ಮರದ ಬುಡದಲ್ಲಿ ಗೊತ್ತಾಯಿತು.

ಮನೆಗೆ ಹೋಗಿಬಿಡೋಣ ಎಂದು ಕೀಲಿ ತಿರುಗಿಸಿದ್ದೆ. ಸೀಟಿನ ಕೆಳಗಿನ ಸಾಮಾನು ಗಡಗಡ ಎಂದಿತು. ಬೈರಿಗೆ ಅಲ್ಲೇ ಇತ್ತು, ತೂತು ಕೊರೆಯುವ ಕೈಬೈರಿಗೆ, ಮಾವನದ್ದು. ಅದನ್ನು ತೆಗೆದುಕೊಂಡು ಒಳಗೆ ಹೋದೆ.

ಅಷ್ಟು ಹೊತ್ತಿಗೆ ಮಾಸ್ತರರು ಸಾಲಿನ ಕೊನೆಗೆ ಹೋಗಿಯಾಗಿತ್ತು. ಮಗಳು ಪೆಟ್ಟಿಗೆಯ ಗಾಜು ಒರೆಸುತ್ತಿದ್ದಳು. ಜನ ಇದ್ದರು, ಆ ಅಜ್ಜಿಯೂ ಇದ್ದರು. ನಾನು ಬೈರಿಗೆ ಬೆಂಚಿನ ಮೇಲಿಟ್ಟೆ.

"ಎಲ್ಲೆಲ್ಲ್ ಬೇಕ್ ಹೇಳ್," ಎಂದೆ.

ಅವಳು ನನ್ನನ್ನೇ ನೋಡಿದಳು. ಸಿಟ್ಟಿನಲ್ಲಿ ಕೇಳುತ್ತಿದ್ದೇನೋ ಎಂದು ಅನುಮಾನ ಇದ್ದಿರಬೇಕು. ಆಮೇಲೆ ಒಂದೊಂದೇ ಮೈಗೆ ಬೆರಳಿಟ್ಟು ತೋರಿಸಿದಳು, ಒಂದು ಮೈಗೆ ಎರಡು. ನಾನು ಮೊದಲನೆಯದಕ್ಕೆ ಬೈರಿಗೆಯನ್ನು ನೇರ ಹಿಡಿದೆ.

"ಓರಿ ಮಾಡ್ಕ್ ಅಪ್ಪಯ್ಯ," ಎಂದಳು ಮೆಲ್ಲಗೆ. "ಸೀದಾ ಮಾಡ್ರೆ ಗಾಳಿ ತಿರ್ಗುದಿಲ್ಲೆ."

ಆಗ ನನಗೆ ರಟ್ಟಿನ ಪೆಟ್ಟಿಗೆಯ ಸೀಳುಗಳು ನೆನಪಾದವು. ಅವಳ ಕೈ ಜಾರಿರಲಿಲ್ಲ. ನಾನು ಒಡ್ಡು ಕೈ ಎಂದುಕೊಂಡದ್ದು ಅವಳು ಯೋಚಿಸಿ ಮಾಡಿದ ಕೆಲಸ. ತಲೆ ತಗ್ಗಿಸಿ ಓರೆಯಾಗಿ ಕೊರೆದೆ. ಹೆಬ್ಬಲಸು ಬೇಗ ಬಿಡುವ ಮರವಲ್ಲ. ಬೆವರು ಹೊಸ ಪಾಲಿಶಿನ ಮೇಲೆ ಬಿತ್ತು, ಹಳದಿ ಹೊಟ್ಟು ಇಸ್ತ್ರಿ ಅಂಗಿಯ ತೋಳಿಗೆ ಹತ್ತಿತು. ಯಾರೂ ನಗಲಿಲ್ಲ. ಅಜ್ಜಿ ಮಾತ್ರ ಬೆಂಚು ಅಲುಗದಂತೆ ಕೈ ಕೊಟ್ಟು ಹಿಡಿದುಕೊಂಡರು.

ಊಟದ ಗಂಟೆ ಹೊಡೆದ ಮೇಲೆ ಒಂದನೇ ಎರಡನೇ ತರಗತಿಯ ಪುಟ್ಟ ಮಕ್ಕಳನ್ನು ಸಾಲಾಗಿ ನೋಡಲು ಬಿಟ್ಟರು. ಅವರು ಬಂದು ಬೆಂಚಿನ ಅಂಚಿಗೆ ಗಲ್ಲ ಇಟ್ಟು ನಿಂತರು. ಮಗಳು ಕ್ಯಾಂಡಲ್ ಹಚ್ಚಿದಳು. ಊದುಬತ್ತಿ ಹಚ್ಚಿ ಒಂದು ತೂತಿನ ಹತ್ತಿರ ಹಿಡಿದಳು. ಹೊಗೆ ಒಂದು ಗಳಿಗೆ ನಿಂತು ಯೋಚಿಸಿದ ಹಾಗೆ ಮಾಡಿ, ಸರ್ರನೆ ಒಳಗೆ ಹೋಯಿತು. ಜ್ವಾಲೆಯ ಸುತ್ತ ತಿರುಗಿ ತಿರುಗಿ ಮೇಲೇರಿ ಕೊಳವೆಯಿಂದ ಹೊರಬಂತು. ನಾನೂ ಆ ಮಕ್ಕಳ ಹಿಂದೆಯೇ ನಿಂತು ನೋಡಿದೆ.

ಅವಳು ಮಕ್ಕಳಿಗೆ ಹೇಳಿದ್ದನ್ನು ನನಗೆ ತಿಳಿದ ಮಟ್ಟಿಗೆ ಬರೆಯುತ್ತೇನೆ. ಬಿಸಿಲಿಗೆ ಕಡಲು ಕಾಯುತ್ತದೆ. ಕಡಲಿನ ಮೇಲಿನ ಗಾಳಿಯೂ ಕಾದು ಹಗುರಾಗಿ ಮೇಲಕ್ಕೆ ಹೋಗುತ್ತದೆ. ಹೋದ ಜಾಗದಲ್ಲಿ ಗಾಳಿಯ ಒತ್ತಡ ಸುತ್ತಲಿಗಿಂತ ಕಡಿಮೆಯಾಗುತ್ತದೆ. ಕಡಿಮೆ ಇರುವಲ್ಲಿಗೆ ಸುತ್ತಲಿನ ಗಾಳಿ ನುಗ್ಗುತ್ತದೆ. ಬರುವ ದಾರಿಯಲ್ಲಿ ಕಡಲಿನ ತೇವವನ್ನೆಲ್ಲ ಹೊತ್ತು ತರುತ್ತದೆ. ಅದೂ ನಡುವಿಗೆ ಬಂದು ಮೇಲೇರುತ್ತದೆ. ಮೇಲೆ ಚಳಿ. ಚಳಿಗೆ ತೇವ ಹನಿಯಾಗುತ್ತದೆ, ಹನಿ ಕೂಡಿ ಮೋಡ, ಮೋಡದ ಹನಿ ದಪ್ಪವಾದರೆ ಮಳೆ. ಭೂಮಿ ತಿರುಗುತ್ತಿರುವುದರಿಂದ ಒಳಗೆ ಬರುವ ಗಾಳಿ ನೇರ ಬರಲಾಗದೆ ಸುತ್ತು ಹಾಕುತ್ತದೆ. ನಮ್ಮ ಕಡೆ ಗಡಿಯಾರದ ಮುಳ್ಳು ಹೋಗುವುದಕ್ಕೆ ಎದುರಾಗಿ. ಅದಕ್ಕೇ ತೂತುಗಳು ಓರೆ. ಇಷ್ಟು ಹೇಳಿ, ಬಟ್ಟಲಿಗೆ ಬಿಸಿನೀರು ಹಾಕಿಸಿ, ಮಂಜುಗಡ್ಡೆ ಇಟ್ಟ ಸ್ಟೀಲ್ ತಟ್ಟೆಯನ್ನು ಕೊಳವೆಯ ಮೇಲೆ ಸ್ವಲ್ಪ ಎತ್ತರದಲ್ಲಿ ಹಿಡಿದಳು. ಸ್ವಲ್ಪ ಹೊತ್ತಿಗೆ ತಟ್ಟೆಯ ಅಡಿಯಲ್ಲಿ ಬೆವರು ಮೂಡಿತು. ಒಂದು ಹನಿ ಬಿತ್ತು. ಮಳೆ ಮಳೆ ಎಂದು ಮಕ್ಕಳು ಕುಣಿದರು.

ಎರಡು ಜಡೆಯ ಒಬ್ಬಳು ಪುಟ್ಟಿ ಮಾತ್ರ ಕುಣಿಯದೆ ತೂತನ್ನೇ ನೋಡುತ್ತಿದ್ದಳು.

"ಅಕ್ಕಾ, ಅಷ್ಟೆಲ್ಲಾ ಗಾಳಿ ಒಳಗ್ ಹೋದ್ರೆ ಪೆಟ್ಟಿಗಿ ತುಂಬುದಿಲ್ಯಾ?"

ನನಗೆ ಆ ವಯಸ್ಸಿನಲ್ಲಿ ಈ ಪ್ರಶ್ನೆ ಹುಟ್ಟಿರಲಿಲ್ಲ. ನಲವತ್ತೇಳರಲ್ಲೂ ಹುಟ್ಟಿರಲಿಲ್ಲ. ಮೇಲಿನ ಕೊಳವೆಯಿಂದ ಹೊರಗೆ ಹೋಗುತ್ತಲೇ ಇದೆಯಲ್ಲ, ಹಾಗಾಗಿ ತುಂಬುವುದಿಲ್ಲ ಎಂದಳು ಮಗಳು. ತೇವ ಹನಿಯಾಗುವಾಗ ಅದರೊಳಗಿದ್ದ ಬಿಸಿ ಹೊರಗೆ ಬರುತ್ತದೆ, ಆ ಬಿಸಿಗೆ ಗಾಳಿ ಇನ್ನಷ್ಟು ಮೇಲೇರುತ್ತದೆ, ತನ್ನ ಒಲೆಗೆ ತಾನೇ ಸೌದೆ ಹಾಕಿಕೊಂಡ ಹಾಗೆ. ಬಿಸಿ ಕಡಲು ಬಿಟ್ಟು ನೆಲದ ಮೇಲೆ ಬಂದರೆ ಸೌದೆ ಮುಗಿಯುತ್ತದೆ, ಆಗ ಮೆಲ್ಲನೆ ತುಂಬಿ ಸುಮ್ಮನಾಗುತ್ತದೆ. ಪುಟ್ಟಿಗೆ ಸಮಾಧಾನವಾಯಿತು. ನನಗೆ ಅರ್ಧ ಅರ್ಥವಾಯಿತು, ಉಳಿದರ್ಧ ಆಮೇಲೆ ಮಗಳಲ್ಲೇ ಕೇಳಿ ತಿಳಿದೆ.

ಮಾಸ್ತರರು ಮತ್ತೆ ನಮ್ಮ ಬೆಂಚಿಗೆ ಬರಲಿಲ್ಲ. ಬನ್ನಿ ಎಂದು ಕರೆಯಲು ನನಗೆ ಮುಖವೂ ಇರಲಿಲ್ಲ. ಕುಂದಾಪುರಕ್ಕೆ ಹೋದದ್ದು ಬಾಟಲಿಯಲ್ಲಿ ನೀರು ಶುದ್ಧ ಮಾಡುವ ಮಾದರಿ. ಹೆಸರು ಓದುವಾಗ ಮಗಳು ಎಲ್ಲರ ಜೊತೆ ಚಪ್ಪಾಳೆ ತಟ್ಟಿದಳು. ನಾನೂ ತಟ್ಟಿದೆ. ಅವಳ ರಟ್ಟಿನ ಪೆಟ್ಟಿಗೆಯನ್ನೇ ತರಲು ಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ನಾನು ಯಾರನ್ನೂ ಕೇಳಿಲ್ಲ.

ಮನೆಗೆ ಹೊರಟಾಗ ಮಳೆ ಹಿಡಿಯಿತು. ಪೆಟ್ಟಿಗೆ ನೆನೆಯುತ್ತದೆಂದು ನನ್ನ ರೇನ್‌ಕೋಟು ಬಿಚ್ಚಿ ಅದಕ್ಕೆ ಹೊದಿಸಿದೆ. ಮಗಳು ಅದನ್ನು ತೆಗೆದು ನನ್ನ ಹೆಗಲಿಗೆ ಹಾಕಿದಳು. ದಾರಿಯುದ್ದಕ್ಕೂ ಹಿಂದಿನಿಂದ, ಕೊಳವೆಯಿಂದಲೂ ತೂತುಗಳಿಂದಲೂ ಪೆಟ್ಟಿಗೆಯೊಳಗೆ ಹೊಕ್ಕ ಮಳೆನೀರು ತುಳುಕುವ ಸದ್ದು ಬರುತ್ತಿತ್ತು. ಅವಳಿಗೆ ಹೇಳಬೇಕಾದ ಮಾತು ಒಂದಿತ್ತು. ನೀನು ಹೇಳಿದ್ದೆ, ಮರೆತಿರಲಿಲ್ಲ ಎಂಬ ಇಷ್ಟೇ ಮಾತು. ಇವತ್ತಿನವರೆಗೂ ಹೇಳಿಲ್ಲ. ಬರೆಯುವುದು ಸುಲಭ, ಜಗಲಿಯಲ್ಲಿ ಎದುರು ಕೂತು ಹೇಳುವುದು ಅಷ್ಟು ಸುಲಭವಲ್ಲ.

ಅದಾಗಿ ಬಹಳ ದಿನ ಅವಳು ನನ್ನ ಯಾವ ಮಾತಿಗೂ ಎದುರಾಡಲಿಲ್ಲ. ನಾನು ಹೇಳಿದ್ದಕ್ಕೆಲ್ಲ ಹೂಂ. ಆ ಹೂಂ ಕೇಳಿದಾಗಲೆಲ್ಲ ನನಗೆ ಕ್ಯಾಂಡಲ್ ಆರಿದ್ದು ನೆನಪಾಗುತ್ತಿತ್ತು. ಈ ಸಲ ಮಳೆಗಾಲ ಮುಗಿಯುವ ಹೊತ್ತಿಗೆ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಎಂದು ಟಿವಿಯಲ್ಲಿ ಹೇಳಿದರು. ಆ ಕಡಲು ಆಚೆ ಬದಿಯಲ್ಲಿದೆ, ನಮಗೇನೂ ಮಳೆ ಬರುವುದಿಲ್ಲ ಎಂದೆ ನಾನು, ಹಳೆಯ ಧೋರಣೆಯಲ್ಲೇ. ಅವಳು ಹೋಂವರ್ಕಿನಿಂದ ತಲೆ ಎತ್ತಿದಳು.

"ಹಾಂಗಲ್ಲ ಅಪ್ಪಯ್ಯ," ಎಂದಳು. "ಅದ್ ಎಳಿತ್ತಲ್ದಾ, ನಮ್ಮ್ ಕಡ್ಲಿನ್ ಗಾಳಿ ಘಟ್ಟ ಹತ್ತಿ ಅಲ್ಲಿಗ್ ಹೋಪುದ್. ಹತ್ತುವತಿಗೆ ಇಲ್ಲೇ ಮಳಿ."

ಟಿವಿಯ ಸದ್ದು ಕಡಿಮೆ ಮಾಡಿ, ಇನ್ನೊಂದು ಸಲ ಹೇಳು ಎಂದೆ. ಹಾಂಗಲ್ಲ ಅಪ್ಪಯ್ಯ ಎಂದೇ ಶುರು ಮಾಡಿ ಮತ್ತೆ ಹೇಳಿದಳು. ಮರುದಿನ ಮಧ್ಯಾಹ್ನ ಮಳೆ ಬಂತು.

ಈಗ ನನ್ನ ಹತ್ತಿರ ಇರುವುದು ಇಷ್ಟು. ಹಂಚಿನ ಮನೆ ಒಂದು. ಸ್ಕೂಟರ್ ಒಂದು. ಮಾವ ಬಿಟ್ಟುಹೋದ ಬೈರಿಗೆ ಒಂದು, ಉಳಿ ಆರು. ನಾನು ಕಟ್ಟಿದ, ಹೊಳೆಯಲ್ಲಿ ಇನ್ನೂ ಓಡುವ, ನೀರು ಹೊಗದ ದೋಣಿ ನಾಲ್ಕು. ನೀರು ಹೊಗುವ ಪೆಟ್ಟಿಗೆ ಒಂದು, ಅದಕ್ಕೆ ತೂತು ಎಂಟು. ಏಳನೇ ತರಗತಿ ಪಾಸು. ಮಗಳು ಒಬ್ಬಳು. ಅವಳು ಹಾಂಗಲ್ಲ ಅಪ್ಪಯ್ಯ ಎಂದದ್ದು, ಇಲ್ಲಿಯವರೆಗೆ, ಎರಡು ಸಲ.